ಮೊಳಕೋಲಿಗೆ ಸಿಗದ ಜಗತ್ತು

ಲೋಕವನ್ನು ಅಳೆಯಲು ಮನುಷ್ಯನು ಮೊದಲು ಹಿಡಿದ ಕೋಲು ಅವನ ಮೈಯೇ. ಬೆರಳಿನ ಅಗಲ ಅಂಗುಲವಾಯಿತು. ಹರಡಿದ ಅಂಗೈ ಗೇಣಾಯಿತು. ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ ಮೊಳವಾಯಿತು. ಚಾಚಿದ ಎರಡು ತೋಳುಗಳ ಅಳತೆ ಮಾರಾಯಿತು. ಬಾವಿಯ ಆಳವನ್ನು ಇಷ್ಟು ಆಳುದ್ದ ಎಂದು ಹೇಳಿದರು. ಊರಿಂದ ಊರಿಗಿರುವ ದೂರವನ್ನು ಹರದಾರಿಯಿಂದ ಎಣಿಸಿದರು. ಕಾಲಕ್ಕೂ ಮನುಷ್ಯನ ಬಾಳೇ ಅಳತೆಯಾಯಿತು. ಕಣ್ಣೆವೆ ಬಡಿಯುವಷ್ಟು ಹೊತ್ತು ಅದರ ಒಂದು ತುದಿ. ಅಜ್ಜ ಮುತ್ತಜ್ಜಂದಿರ ತಲೆಮಾರು ಇನ್ನೊಂದು ತುದಿ.

ಈ ಹೊರಗಣ ಅಳತೆಗಳ ಜೊತೆಗೆ, ಯಾರೂ ಕಲಿಸದೆಯೇ, ಮನಸ್ಸಿನೊಳಗೆ ಮತ್ತೊಂದು ಅಳತೆಗೋಲು ಬೆಳೆಯಿತು. ಎಸೆದ ಚೆಂಡು ಎಲ್ಲಿ ಬೀಳುತ್ತದೆ, ಎದುರಿಗೆ ಬರುವ ಬಂಡಿ ಎಷ್ಟು ಹೊತ್ತಿಗೆ ನಮ್ಮನ್ನು ಮುಟ್ಟುತ್ತದೆ, ಕೊಡದಲ್ಲಿ ಇನ್ನೆಷ್ಟು ನೀರು ಹಿಡಿಯುತ್ತದೆ ಎಂಬುದನ್ನು ಲೆಕ್ಕ ಹಾಕದೆ ಥಟ್ಟನೆ ತಿಳಿಸುವ ಶಕ್ತಿ ಅದು. ಅದನ್ನು ಸಹಜಬುದ್ಧಿ ಎಂದು ಕರೆಯೋಣ.

ಸಹಜಬುದ್ಧಿಯನ್ನು ಹಗುರವಾಗಿ ಕಾಣುವಂತಿಲ್ಲ. ಕಲಬುರಗಿ ಜಿಲ್ಲೆಯ ಯಡ್ರಾಮಿಯ ಸುತ್ತಣ ಎರೆಭೂಮಿಯನ್ನು ನೋಡಿರಿ. ಹಿಂಗಾರಿ ಬಿತ್ತನೆಯ ಕಾಲದಲ್ಲಿ ಅಲ್ಲಿಯ ರೈತನು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ, ಅದು ಉಂಡೆಗಟ್ಟುವ ಬಗೆಯನ್ನು ಕಂಡು, ಹೊಲ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಹೇಳಬಲ್ಲನು. ಕೂರಿಗೆ ಮಣ್ಣಿನೊಳಗೆ ಎಷ್ಟು ಇಳಿದಿದೆ ಎಂಬುದು ಅವನ ಕೈಗೆ ತಾನಾಗಿ ತಿಳಿಯುತ್ತದೆ. ಬಾವಿಗೆ ಬಿದ್ದ ಕಲ್ಲಿನ ಸದ್ದು ಕೇಳಿಯೇ ನೀರು ಎಷ್ಟು ಆಳದಲ್ಲಿದೆ ಎಂದು ಅಂದಾಜು ಮಾಡುವವರು ಇಂದಿಗೂ ಇದ್ದಾರೆ. ಇದೆಲ್ಲ ತಲೆತಲಾಂತರದ ಅನುಭವದ ಸಾರ. ಇದಿಲ್ಲದಿದ್ದರೆ ಬದುಕು ಒಂದು ದಿನವೂ ಸಾಗದು.

ಆದರೆ ಈ ಶಕ್ತಿ ಹುಟ್ಟಿ ಬೆಳೆದ ಹೊಲ ಚಿಕ್ಕದು. ಕೂದಲೆಳೆಯ ದಪ್ಪದಿಂದ ಕಣ್ಣಳತೆಯ ದಿಗಂತದವರೆಗೆ, ಒಂದು ಕ್ಷಣದಿಂದ ಒಂದು ಆಯುಷ್ಯದವರೆಗೆ, ಬಸವನಹುಳುವಿನ ನಡಿಗೆಯಿಂದ ಕುದುರೆಯ ಓಟದವರೆಗೆ ಅದರ ವ್ಯಾಪ್ತಿ. ವಿಶ್ವವಾದರೋ ಈ ಎಲ್ಲೆಗಳಾಚೆ ಎಲ್ಲ ದಿಕ್ಕಿಗೂ ಹರಡಿಕೊಂಡಿದೆ. ಅಲ್ಲಿಯೂ ನಮ್ಮ ಒಳಗಣ ಅಳತೆಗೋಲು ಸರಿಯಾದ ಲೆಕ್ಕ ಕೊಡುವುದೇ? ಕೊಡದಿದ್ದರೆ ನಾವು ಏನು ಮಾಡಬೇಕು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ದೂರಕ್ಕೆ ಹೋಗುವ ಮುನ್ನ, ಮನೆಯ ಮಾಳಿಗೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಕೆಳಗೆ ಯಾರೂ ಇಲ್ಲದಿರುವುದನ್ನು ನೋಡಿಕೊಂಡು, ತೆಂಗಿನಕಾಯಿಯಷ್ಟು ದೊಡ್ಡ ಕಲ್ಲನ್ನೂ ಅಡಕೆಯಷ್ಟು ಚಿಕ್ಕ ಕಲ್ಲನ್ನೂ ಒಟ್ಟಿಗೆ ಕೈಬಿಡಿ. ದೊಡ್ಡದು ಮೊದಲು ನೆಲ ಮುಟ್ಟುವುದೆಂದು ಮನಸ್ಸು ಹೇಳುತ್ತದೆ. ಎರಡೂ ಒಟ್ಟಿಗೆ ಬಿದ್ದ ಸದ್ದು ಕೇಳಿಸುತ್ತದೆ. ಇಟಲಿಯ ಗೆಲಿಲಿಯೊ ಇದನ್ನು ಒಂದು ತರ್ಕದಿಂದಲೂ ತೋರಿಸಿದನು. ಭಾರವಾದದ್ದು ಬೇಗ ಬೀಳುವುದಾದರೆ, ಎರಡು ಕಲ್ಲುಗಳನ್ನು ಹಗ್ಗದಿಂದ ಕಟ್ಟಿ ಬಿಟ್ಟಾಗ ಏನಾಗಬೇಕು? ನಿಧಾನವಾಗಿ ಬೀಳುವ ಚಿಕ್ಕ ಕಲ್ಲು ದೊಡ್ಡದನ್ನು ಹಿಂದಕ್ಕೆ ಜಗ್ಗುವುದರಿಂದ ವೇಗ ಕಡಿಮೆಯಾಗಬೇಕು; ಎರಡೂ ಸೇರಿ ತೂಕ ಹೆಚ್ಚಿದ್ದರಿಂದ ವೇಗ ಹೆಚ್ಚಲೂ ಬೇಕು. ಒಂದೇ ಮಾತಿನಿಂದ ಎರಡು ವಿರುದ್ಧ ಫಲಗಳು ಬಂದವೆಂದರೆ ಆ ಮಾತೇ ತಪ್ಪು. ಎಲೆಯೂ ಗರಿಯೂ ನಿಧಾನವಾಗಿ ಬೀಳುವುದು ಗಾಳಿಯ ತಡೆಯಿಂದ. ೧೯೭೧ರಲ್ಲಿ ಅಪೊಲೊ ೧೫ರ ಯಾತ್ರಿಕ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಏಕಕಾಲಕ್ಕೆ ನೆಲ ಮುಟ್ಟಿದವು.

ಈಗ ಮಾಳಿಗೆಯಿಂದ ಬಯಲಿಗೆ ಬರೋಣ. ಜೋಳ ತೊಗರಿಗಳ ಹೊಲಗಳು ಹಬ್ಬಿರುವ ಎರೆಭೂಮಿಯಲ್ಲಿ ನಿಂತವನಿಗೆ ನೆಲ ಒಂದು ಹಾಸುಗಲ್ಲಿನಂತೆ ಸಮತಟ್ಟಾಗಿ ಕಾಣುತ್ತದೆ. ಭೂಮಿ ಗುಂಡಾಗಿದ್ದರೂ ಅದರ ಬಾಗು ಅತ್ಯಲ್ಪ. ಒಂದು ಕಿಲೋಮೀಟರ್ ದೂರದಲ್ಲಿ ಅದು ಸುಮಾರು ೮ ಸೆಂಟಿಮೀಟರ್. ಹತ್ತು ಕಿಲೋಮೀಟರ್ ದೂರದಲ್ಲಿ ಸುಮಾರು ೮ ಮೀಟರ್. ಬದುಗಳು, ಹಳ್ಳಗಳು, ಮರಗಳ ನಡುವೆ ಇಷ್ಟು ಸಣ್ಣ ಇಳಿಕೆಯನ್ನು ಕಣ್ಣು ಹೇಗೆ ಗುರುತಿಸೀತು? ಕ್ರಿ.ಶ. ೧೧೧೪ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ವಿಜ್ಜಡವಿಡ ಎಂಬ ಊರಿನವನು. ಆ ಊರು ಇಂದಿನ ವಿಜಯಪುರವೇ ಎಂದು ಹೇಳುವ ವಿದ್ವಾಂಸರಿದ್ದಾರೆ. ೧೧೫೦ರಲ್ಲಿ ರಚಿಸಿದ ತನ್ನ ಸಿದ್ಧಾಂತ ಶಿರೋಮಣಿಯಲ್ಲಿ ಅವನು ಇದೇ ಪ್ರಶ್ನೆಯನ್ನು ಎತ್ತಿಕೊಂಡನು. ಯಾವುದೇ ವೃತ್ತದ ಪರಿಧಿಯಲ್ಲಿ ನೂರನೆಯ ಒಂದು ಪಾಲನ್ನು ಮಾತ್ರ ನೋಡಿದರೆ ಅದು ನೇರವಾಗಿಯೇ ಕಾಣುತ್ತದೆ; ಭೂಮಿ ಬಹು ದೊಡ್ಡದು, ಮನುಷ್ಯನು ಬಹು ಚಿಕ್ಕವನು; ಆದುದರಿಂದ ಅವನಿಗೆ ನೆಲ ಚಪ್ಪಟೆಯಾಗಿ ತೋರುತ್ತದೆ ಎಂಬುದು ಅವನು ಕೊಟ್ಟ ವಿವರಣೆ. ಕಣ್ಣು ಸುಳ್ಳು ಹೇಳುತ್ತದೆ ಎಂದು ಅವನು ಜರೆಯಲಿಲ್ಲ. ಕಣ್ಣಿಗೆ ಸಿಕ್ಕ ಪಾಲು ಎಷ್ಟು, ಸಿಗದ ಪಾಲು ಎಷ್ಟು ಎಂದು ಲೆಕ್ಕ ಹಾಕಿದನು.

ಅವನಿಗಿಂತ ಆರು ಶತಮಾನಗಳಷ್ಟು ಹಿಂದೆ, ೪೯೯ರಲ್ಲಿ, ಆರ್ಯಭಟನು ಇನ್ನೂ ದಿಟ್ಟವಾದ ಮಾತೊಂದನ್ನು ಹೇಳಿದ್ದನು. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮರಗಳು ಹಿಂದೆ ಸರಿಯುವಂತೆ ಕಾಣುತ್ತವೆ. ಹಾಗೆಯೇ ನಿಶ್ಚಲವಾದ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಸರಿಯುವಂತೆ ಕಾಣುತ್ತವೆ ಎಂಬುದು ಅದರ ತಾತ್ಪರ್ಯ. ತಿರುಗುತ್ತಿರುವುದು ಆಕಾಶವಲ್ಲ, ನಾವು ನಿಂತ ನೆಲ. ಯಡ್ರಾಮಿ ಇರುವ ಅಕ್ಷಾಂಶದಲ್ಲಿ ನೆಲವು ಗಂಟೆಗೆ ಸುಮಾರು ೧,೬೦೦ ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ಧಾವಿಸುತ್ತಿದೆ. ಕಟ್ಟೆಯ ಮೇಲೆ ಕುಳಿತ ಮುದುಕನೂ, ಅವನ ಕೈಯಲ್ಲಿರುವ ಚಹದ ಬಟ್ಟಲೂ, ಸುತ್ತಣ ಗಾಳಿಯೂ ಅದೇ ವೇಗದಲ್ಲಿ ಓಡುತ್ತಿವೆ. ಎಲ್ಲವೂ ಒಟ್ಟಿಗೆ ಓಡುವುದರಿಂದಲೇ ಓಟ ತಿಳಿಯುವುದಿಲ್ಲ. ನಮ್ಮ ಮೈ ಗುರುತಿಸುವುದು ವೇಗದಲ್ಲಾಗುವ ಬದಲಾವಣೆಯನ್ನು. ಒಂದೇ ಸಮನಾದ ವೇಗವನ್ನಲ್ಲ. ಬಸ್ಸು ಹೊರಟಾಗಲೂ ನಿಂತಾಗಲೂ ನಾವು ಓಲಾಡುತ್ತೇವೆ. ನುಣುಪಾದ ರಸ್ತೆಯಲ್ಲಿ ಸಮವೇಗದಿಂದ ಸಾಗುವಾಗ ಆರಾಮವಾಗಿ ತೂಕಡಿಸುತ್ತೇವೆ.

ಕಂಡದ್ದು ಈಗಲೇ ಇದೆ ಎಂಬುದು ಸಹಜಬುದ್ಧಿಯ ಇನ್ನೊಂದು ನಂಬಿಕೆ. ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಅದರ ಸದ್ದು ಮತ್ತೆ ಮತ್ತೆ ಮರಳಿ ಕೇಳಿಸುತ್ತದೆ. ಸದ್ದು ಹೋಗಿ ಬರಲು ಹೊತ್ತು ಬೇಕೆಂಬುದನ್ನು ಕಿವಿ ಅಲ್ಲಿ ಅರಿಯುತ್ತದೆ. ಬೆಳಕಿಗೂ ಹೊತ್ತು ಬೇಕು. ಆದರೆ ಅದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವುದರಿಂದ ಮನೆ ಹೊಲಗಳ ಅಳತೆಯಲ್ಲಿ ಆ ಹೊತ್ತು ಇಲ್ಲದಂತೆಯೇ ಸರಿ. ಆಕಾಶದಲ್ಲಿ ಹಾಗಲ್ಲ. ನಾವು ಕಾಣುವ ಸೂರ್ಯನು ಎಂಟು ನಿಮಿಷಗಳ ಹಿಂದಿನ ಸೂರ್ಯ. ದೀಪಗಳ ಬೆಳಕಿಲ್ಲದ ಬಯಲಿನಲ್ಲಿ, ಚಳಿಗಾಲದ ತಿಳಿಯಾದ ಇರುಳಿನಲ್ಲಿ, ಮಸುಕಾದ ಮಚ್ಚೆಯಂತೆ ಬರಿಗಣ್ಣಿಗೆ ಕಾಣುವ ಆಂಡ್ರೊಮಿಡ ನಕ್ಷತ್ರಪುಂಜದ ಬೆಳಕು ಅಲ್ಲಿಂದ ಹೊರಟು ಸುಮಾರು ೨೫ ಲಕ್ಷ ವರ್ಷಗಳಾಗಿವೆ. ಆಕಾಶವನ್ನು ನೋಡುವುದೆಂದರೆ ಬೇರೆ ಬೇರೆ ಕಾಲಗಳನ್ನು ಒಟ್ಟಿಗೆ ನೋಡುವುದು.

ಲಕ್ಷ, ಕೋಟಿ ಎಂದು ಬಾಯಲ್ಲಿ ಹೇಳುವುದು ಸುಲಭ. ಮನಸ್ಸಿಗೆ ಅವೆಲ್ಲ ‘ಬಹಳ’ ಎಂಬ ಒಂದೇ ಮಾತಾಗಿಬಿಡುತ್ತವೆ. ಅದಕ್ಕೆ ಆಕಾಶವೇ ಬೇಕಿಲ್ಲ. ಕಾಲ ಕೆಳಗಿನ ನೆಲವೇ ಸಾಕು. ಯಡ್ರಾಮಿ, ಅಫಜಲಪುರ, ಆಳಂದಗಳ ಕಡೆಯ ಎರೆಮಣ್ಣು ಬಸಾಲ್ಟ್ ಎಂಬ ಕರಿಕಲ್ಲು ಸವೆದು ಆದದ್ದು. ಆ ಕಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ದಖ್ಖನ್ನಿನ ಮೇಲೆ ಪದರ ಪದರವಾಗಿ ಹರಿದು ತಣಿದ ಶಿಲಾರಸ. ಇನ್ನು ಜೇವರಗಿ, ಶಹಾಬಾದ, ಸೇಡಂ ಕಡೆ ದೊರೆಯುವ ಸುಣ್ಣಕಲ್ಲು ಅದಕ್ಕಿಂತಲೂ ಎಷ್ಟೋ ಪಟ್ಟು ಹಳೆಯದು. ಪ್ರಾಣಿಗಳಿಗೆ ಚಿಪ್ಪು ಮೂಡುವುದಕ್ಕೂ ಮೊದಲಿನ ಕಾಲದಲ್ಲಿ ಅದು ಕಡಲ ತಳದ ಕೆಸರಾಗಿತ್ತು. ಮನೆಗಳ ಅಂಗಳದಲ್ಲಿ ಹಾಸಿರುವ ಶಹಾಬಾದದ ಫರಸಿಯ ಮೇಲೆ ಕುಳಿತು ಊಟ ಮಾಡುವವರು ಒಂದು ಪುರಾತನ ಸಮುದ್ರದ ತಳದ ಮೇಲೆ ಕುಳಿತಿರುತ್ತಾರೆ.

ಈ ಕಾಲದ ಉದ್ದವನ್ನು ಮನಗಾಣಲು ಒಂದು ಉಪಾಯವಿದೆ. ಒಂದು ವರ್ಷಕ್ಕೆ ಒಂದು ಮಿಲಿಮೀಟರಿನಂತೆ ಗೆರೆ ಎಳೆಯಿರಿ. ನೂರು ವರ್ಷದ ತುಂಬು ಬಾಳು ಅರ್ಧ ಗೇಣಿನಷ್ಟಾಗುತ್ತದೆ. ಇದೇ ಜಿಲ್ಲೆಯ ಮಳಖೇಡದಲ್ಲಿ ನೃಪತುಂಗನು ಆಳುತ್ತಿದ್ದ ಒಂಬತ್ತನೆಯ ಶತಮಾನವು ಒಂದು ಮೀಟರಿಗೆ ತುಸು ಆಚೆ ಸಿಗುತ್ತದೆ. ನಮ್ಮಂಥ ಮನುಷ್ಯರು ಭೂಮಿಯಲ್ಲಿ ಕಾಣಿಸಿಕೊಂಡ ಕಾಲಕ್ಕೆ ಸುಮಾರು ೩೦೦ ಮೀಟರ್ ನಡೆಯಬೇಕು. ಎರೆಮಣ್ಣಿಗೆ ಮೂಲವಾದ ಶಿಲಾರಸದ ಕಾಲಕ್ಕೆ ೬೬ ಕಿಲೋಮೀಟರ್. ಅಂದರೆ ಯಡ್ರಾಮಿಯಿಂದ ಹೊರಟು ಜೇವರಗಿಯನ್ನು ದಾಟಿ ಕಲಬುರಗಿಯ ದಾರಿ ಹಿಡಿಯಬೇಕು. ಭೂಮಿಯ ಹುಟ್ಟಿಗೆ ೪,೫೪೦ ಕಿಲೋಮೀಟರ್. ಇಡೀ ಭಾರತದ ತೆಂಕುಬಡಗಣ ಉದ್ದವೂ ಅದಕ್ಕೆ ಸಾಲದು. ಗೆರೆಯ ಮೊದಲ ಅರ್ಧ ಗೇಣಿನಲ್ಲಿ ಪಳಗಿದ ಮನಸ್ಸು, ‘ಕಲ್ಲು ಎಂದಿಗೂ ಕಲ್ಲೇ, ಬೆಟ್ಟ ಎಂದಿಗೂ ಬೆಟ್ಟವೇ’ ಎಂದು ನಂಬಿದರೆ ಅದರಲ್ಲಿ ಆಶ್ಚರ್ಯವೇನಿದೆ?

ದೊಡ್ಡದನ್ನು ಬಿಟ್ಟು ಚಿಕ್ಕದರ ಕಡೆಗೆ ತಿರುಗಿದರೂ ಇದೇ ಕಥೆ. ಕಲ್ಲು ಗಟ್ಟಿ, ಇಡಿಯಾಗಿ ತುಂಬಿಕೊಂಡದ್ದು ಎಂದು ಕೈ ಹೇಳುತ್ತದೆ. ೧೯೧೧ರಲ್ಲಿ ರುದರ್‌ಫರ್ಡ್, ತೆಳುವಾದ ಚಿನ್ನದ ತಗಡಿನ ಮೇಲೆ ನಡೆದ ಪ್ರಯೋಗಗಳಿಂದ, ಪರಮಾಣುವಿನ ತೂಕವೆಲ್ಲ ಅದರ ನಟ್ಟನಡುವಿನ ಅತಿ ಚಿಕ್ಕ ಬೀಜದಲ್ಲಿ ಅಡಗಿದೆ ಎಂದು ತೋರಿಸಿದನು. ಗೋಲಗುಮ್ಮಟದ ಗುಮ್ಮಟದ ಒಳವ್ಯಾಸ ಸುಮಾರು ೩೮ ಮೀಟರ್. ಪರಮಾಣುವನ್ನು ಅಷ್ಟು ದೊಡ್ಡದಾಗಿ ಹಿಗ್ಗಿಸಿದರೆ ಅದರ ಬೀಜವು ಗಸಗಸೆ ಕಾಳಿನಷ್ಟೋ ಸಾಸಿವೆ ಕಾಳಿನಷ್ಟೋ ಇದ್ದೀತು. ಉಳಿದೆಡೆಯಲ್ಲಿ ತೂಕವೇ ಇಲ್ಲವೆನ್ನುವಷ್ಟು ಹಗುರವಾದ ಎಲೆಕ್ಟ್ರಾನುಗಳಿವೆ. ಕಲ್ಲಿನ ಗಟ್ಟಿತನವು ಅದರ ತುಂಬುತನದಿಂದ ಬಂದದ್ದಲ್ಲ. ಎಲೆಕ್ಟ್ರಾನುಗಳು ಪರಸ್ಪರ ಒಳನುಗ್ಗಲು ಬಿಡದ ಬಲಗಳಿಂದ ಬಂದದ್ದು.

ಆ ಬಲಗಳಿಗೆ ಒಳಪಡದ ಕಣವೊಂದಿದ್ದರೆ ಅದಕ್ಕೆ ಕಲ್ಲೂ ಬಯಲೂ ಒಂದೇ ಆಗಬೇಕಲ್ಲವೇ? ಅಂಥ ಕಣವುಂಟು. ಅದರ ಹೆಸರು ನ್ಯೂಟ್ರಿನೊ. ೧೯೩೦ರಲ್ಲಿ ಪೌಲಿ ಎಂಬ ವಿಜ್ಞಾನಿ ಅದು ಇರಬೇಕೆಂದು ತರ್ಕಿಸಿದನು. ೧೯೫೬ರಲ್ಲಿ ಅದು ಪ್ರಯೋಗದಲ್ಲಿ ಸಿಕ್ಕಿತು. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳಲ್ಲಿ ಸೆಕೆಂಡಿಗೆ ಸುಮಾರು ೬,೫೦೦ ಕೋಟಿಯಷ್ಟು ನಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹಾಯ್ದುಹೋಗುತ್ತವೆ. ಇರುಳಿನಲ್ಲಿ ಅವು ಇಡೀ ಭೂಮಿಯನ್ನು ತೂರಿಕೊಂಡು ನಮ್ಮ ಕಾಲಡಿಯಿಂದ ಮೇಲಕ್ಕೆ ಬರುತ್ತವೆ. ನಮಗೆ ಅದರ ಸುಳಿವೂ ಇಲ್ಲ.

ಇಂಥದನ್ನು ಹಿಡಿಯುವ ಕಾರ್ಯದ ಒಂದು ಮಹತ್ವದ ಅಧ್ಯಾಯ ನಮ್ಮ ಕರ್ನಾಟಕದಲ್ಲಿಯೇ ನಡೆಯಿತು. ಆಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಮೇಲ್ಪದರಗಳಿಗೆ ಬಡಿದಾಗ ಮ್ಯುಆನ್ ಎಂಬ ಕಣಗಳೂ ನ್ಯೂಟ್ರಿನೊಗಳೂ ಹುಟ್ಟುತ್ತವೆ. ನೆಲದ ಮೇಲೆ ಮ್ಯುಆನುಗಳ ಸುರಿಮಳೆ. ಅವುಗಳ ಗದ್ದಲದಲ್ಲಿ ಅಪರೂಪಕ್ಕೆ ಸಿಗುವ ನ್ಯೂಟ್ರಿನೊವನ್ನು ಗುರುತಿಸಲಾಗದು. ಆದುದರಿಂದ ವಿಜ್ಞಾನಿಗಳು ಬೆಟ್ಟ ಹತ್ತುವ ಬದಲು ಕೋಲಾರದ ಚಿನ್ನದ ಗಣಿಗೆ ಇಳಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ನಗರಗಳ ವಿಜ್ಞಾನಿಗಳೊಡನೆ ಸೇರಿ, ನೆಲದಿಂದ ಸುಮಾರು ೨.೩ ಕಿಲೋಮೀಟರ್ ಆಳದಲ್ಲಿ ತಮ್ಮ ಉಪಕರಣಗಳನ್ನು ನಿಲ್ಲಿಸಿದರು. ಎಂ. ಜಿ. ಕೆ. ಮೆನನ್ ಅವರೂ, ನಂಜನಗೂಡಿನ ಕಡೆಯವರಾದ ಬಿ. ವಿ. ಶ್ರೀಕಂಠನ್ ಅವರೂ ಈ ತಂಡದ ಪ್ರಮುಖರಲ್ಲಿದ್ದರು.

ಅವರ ಯುಕ್ತಿ ಸರಳವಾದದ್ದು. ಮೇಲಿನಿಂದ ಬರುವ ಮ್ಯುಆನುಗಳಲ್ಲಿ ಬಹುತೇಕ ಎಲ್ಲವನ್ನೂ ಬಂಡೆಯೇ ತಡೆಯುತ್ತದೆ. ತಪ್ಪಿಸಿಕೊಂಡ ಕೆಲವು ನೇರವಾಗಿ ಕೆಳಕ್ಕೆ ಇಳಿಯುತ್ತವೆ. ಅಡ್ಡಲಾಗಿ ಬರಬೇಕಾದರೆ ಇನ್ನೂ ಎಷ್ಟೋ ಕಿಲೋಮೀಟರ್ ಬಂಡೆಯನ್ನು ಹಾಯಬೇಕು. ಅದು ಮ್ಯುಆನಿಗೆ ಆಗದ ಕೆಲಸ. ಆದುದರಿಂದ ಗಣಿಯ ಆಳದಲ್ಲಿ ಅಡ್ಡಲಾಗಿ ಬಂದ ಮ್ಯುಆನ್ ಒಂದು ಕಂಡರೆ, ಅದು ನ್ಯೂಟ್ರಿನೊ ಬಡಿತದಿಂದ ಪಕ್ಕದ ಬಂಡೆಯಲ್ಲಿಯೇ ಹುಟ್ಟಿರಬೇಕು. ಕಣ ಹಾಯ್ದಾಗ ಮಿನುಗುವ ವಿಶೇಷ ಪ್ಲಾಸ್ಟಿಕ್ಕಿನ ಗೋಡೆಗಳು, ನಿಯಾನ್ ತುಂಬಿದ ಗಾಜಿನ ಕೊಳವೆಗಳು, ಸೀಸದ ಹಲಗೆಗಳು—ಇವುಗಳ ಮುಂದೆ ತಿಂಗಳುಗಟ್ಟಲೆ ಕಾದು ಕುಳಿತವರಿಗೆ ೧೯೬೫ರಲ್ಲಿ ಅಂಥ ಕೆಲವೇ ಗುರುತುಗಳು ಸಿಕ್ಕಿದವು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಇಂಥ ಗುರುತು ದೊರೆಯಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಮನುಷ್ಯನು ಕಂಡುಕೊಂಡದ್ದು ಹೀಗೆ. ಆಕಾಶವನ್ನು ಅರಿಯಲು ಪಾತಾಳಕ್ಕೆ ಇಳಿಯಬೇಕೆಂದು ಯಾವ ಸಹಜಬುದ್ಧಿ ಹೇಳೀತು? ಹೇಳಿದ್ದು ಲೆಕ್ಕ. ಆ ಗಣಿಗಳು ೨೦೦೧ರಲ್ಲಿ ಮುಚ್ಚಿದವು.

ಮ್ಯುಆನುಗಳ ವಿಚಾರದಲ್ಲಿ ಮತ್ತೊಂದು ಸೋಜಿಗವಿದೆ. ಅಂಗೈಯನ್ನು ಆಕಾಶಕ್ಕೆ ಚಾಚಿ ಹಿಡಿದರೆ ನಿಮಿಷಕ್ಕೆ ಸುಮಾರು ನೂರು ಮ್ಯುಆನುಗಳು ಅದನ್ನು ಹಾಯ್ದುಹೋಗುತ್ತವೆ. ಅವು ಹುಟ್ಟುವುದು ಹದಿನೈದು ಕಿಲೋಮೀಟರಿನಷ್ಟು ಎತ್ತರದಲ್ಲಿ. ನಿಂತಿರುವ ಮ್ಯುಆನಿನ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ೨.೨ ಪಾಲು ಮಾತ್ರ. ಅಷ್ಟರಲ್ಲಿ ಬೆಳಕಿನ ವೇಗದಿಂದ ಓಡಿದರೂ ೬೬೦ ಮೀಟರ್ ದಾಟುವುದರೊಳಗೆ ಅದರ ಕಥೆ ಮುಗಿಯಬೇಕು. ಆದರೂ ಅವು ನೆಲ ಮುಟ್ಟುತ್ತವೆ! ಕಾರಣವನ್ನು ಐನ್‌ಸ್ಟೈನ್ ೧೯೦೫ರಲ್ಲಿಯೇ ಹೇಳಿದ್ದನು. ಅತಿ ವೇಗದಿಂದ ಓಡುವ ವಸ್ತುವಿನ ಗಡಿಯಾರ ನಮ್ಮ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ. ಕಾಲ ಎಲ್ಲರಿಗೂ ಒಂದೇ ಸಮನಾಗಿ ಹರಿಯುತ್ತದೆ ಎಂಬ ನಂಬಿಕೆ, ಎತ್ತಿನ ಬಂಡಿಯ ವೇಗಕ್ಕೂ ವಿಮಾನದ ವೇಗಕ್ಕೂ ಸಾಕಾಗುವಷ್ಟು ನಿಜ, ಅದರಾಚೆಗೆ ನಿಜವಲ್ಲ.

ಇದು ನಮ್ಮ ದಿನದ ಬಾಳಿಗೆ ಸಂಬಂಧಿಸದ ಮಾತೆಂದು ತಿಳಿಯಬಾರದು. ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳಲ್ಲಿ ಅತಿ ನಿಖರವಾದ ಗಡಿಯಾರಗಳಿವೆ. ಓಟದ ಕಾರಣದಿಂದ ಅವು ತುಸು ಹಿಂದೆ ಬೀಳುತ್ತವೆ. ಎತ್ತರದಲ್ಲಿ ಭೂಮಿಯ ಸೆಳೆತ ಕಡಿಮೆಯಿರುವುದರಿಂದ ಇನ್ನೂ ಹೆಚ್ಚು ಮುಂದೆ ಹೋಗುತ್ತವೆ. ಎರಡೂ ಸೇರಿ ದಿನಕ್ಕೆ ಸುಮಾರು ೩೮ ಮೈಕ್ರೊಸೆಕೆಂಡುಗಳ ವ್ಯತ್ಯಾಸ. ಅಷ್ಟು ಹೊತ್ತಿನಲ್ಲಿ ಬೆಳಕು ಹನ್ನೊಂದು ಕಿಲೋಮೀಟರಿಗೂ ಹೆಚ್ಚು ದೂರ ಓಡುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ತಿದ್ದದಿದ್ದರೆ ಒಂದೇ ದಿನದಲ್ಲಿ ಅಳತೆ ಅಷ್ಟು ತಪ್ಪುತ್ತದೆ. ಕೈಯಲ್ಲಿ ಮೊಬೈಲು ಹಿಡಿದು ದಾರಿ ಕೇಳುವ ಲಾರಿ ಚಾಲಕನು, ತಾನು ಅರಿಯದೆಯೇ, ಸಹಜಬುದ್ಧಿ ಒಪ್ಪದ ಸತ್ಯವೊಂದನ್ನು ನಂಬಿ ನಡೆಯುತ್ತಾನೆ.

ಪರಮಾಣು ಲೋಕದ ಇನ್ನೊಂದು ರೀತಿ ಇದಕ್ಕಿಂತಲೂ ವಿಚಿತ್ರ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯ ಬಳಿ ಯುರೇನಿಯಂ ನಿಕ್ಷೇಪವಿರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಯುರೇನಿಯಂ ಪರಮಾಣುಗಳು ಕಾಲಕ್ರಮದಲ್ಲಿ ತಾವಾಗಿಯೇ ಒಡೆಯುತ್ತ ಕೊನೆಗೆ ಸೀಸವಾಗುತ್ತವೆ. ಇಂಥ ಒಂದು ಪರಮಾಣು ಇಂದು ಒಡೆಯುವುದೋ ನೂರು ಕೋಟಿ ವರ್ಷಗಳ ಮೇಲೆ ಒಡೆಯುವುದೋ ಎಂದು ಯಾರೂ ಹೇಳಲಾರರು. ಪಕ್ಕಪಕ್ಕದ ಎರಡು ಪರಮಾಣುಗಳಲ್ಲಿ ಯಾವ ಭೇದವೂ ಇಲ್ಲದಿದ್ದರೂ ಒಂದು ಈಗ ಒಡೆಯುತ್ತದೆ, ಇನ್ನೊಂದು ಉಳಿಯುತ್ತದೆ. ಆದರೆ ಹಿಡಿಯಷ್ಟು ಯುರೇನಿಯಮ್ಮಿನ ಲೆಕ್ಕ ಮಾತ್ರ ತಪ್ಪದು. ಅದರ ಮುಖ್ಯ ಬಗೆಯ ಪರಮಾಣುಗಳಲ್ಲಿ ಸರಿಯಾಗಿ ಅರ್ಧದಷ್ಟು ಒಡೆಯಲು ಸುಮಾರು ೪೪೭ ಕೋಟಿ ವರ್ಷ ಬೇಕು. ಬಿಡಿಯಾಗಿ ಅನಿಶ್ಚಿತ, ಇಡಿಯಾಗಿ ನಿಶ್ಚಿತ!

ಈ ವಿಚಿತ್ರ ನಿಯಮವೇ ನಮಗೆ ಗಡಿಯಾರವಾಯಿತು. ಕಲ್ಲಿನಲ್ಲಿ ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟು ಕೂಡಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ತಿಳಿಯುತ್ತದೆ. ೧೯೫೬ರಲ್ಲಿ ಪ್ಯಾಟರ್‌ಸನ್ ಎಂಬ ವಿಜ್ಞಾನಿ ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು ೪೫೫ ಕೋಟಿ ವರ್ಷವೆಂದು ತೋರಿಸಿದನು. ಕಣ್ಣಿಗೆ ಕಾಣದ ಪರಮಾಣುವು ಮನಸ್ಸಿಗೆ ಎಟುಕದ ಕಾಲವನ್ನು ಅಳೆದುಕೊಟ್ಟಿತು.

ಇಲ್ಲಿ ಈ ಪಾಠದ ಮುಖ್ಯ ಮಾತು ಸ್ಪಷ್ಟವಾಗುತ್ತದೆ. ಸಹಜಬುದ್ಧಿಗೆ ಎಲ್ಲೆಯುಂಟು, ಆದರೆ ಅದರ ಎಲ್ಲೆಯೇ ಅರಿವಿನ ಎಲ್ಲೆಯಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಿ ದೊಡ್ಡವರೂ ಎಡವಿದ್ದಾರೆ. ಫ್ರಾನ್ಸಿನ ಪ್ರಸಿದ್ಧ ತತ್ತ್ವಜ್ಞಾನಿ ಅಗಸ್ಟ್ ಕಾಮ್ಟ್ ೧೮೩೫ರಲ್ಲಿ, ನಕ್ಷತ್ರಗಳು ಯಾವ ಧಾತುಗಳಿಂದ ಆಗಿವೆ ಎಂಬುದನ್ನು ಮನುಷ್ಯನು ಯಾವ ಉಪಾಯದಿಂದಲೂ ಎಂದೆಂದಿಗೂ ತಿಳಿಯಲಾರನು ಎಂದು ಬರೆದನು. ಅಲ್ಲಿಗೆ ಹೋಗಿ ಚೂರೊಂದನ್ನು ತರಲಾಗದು, ಮತ್ತೆ ತಿಳಿಯುವುದೆಂತು? ಮಾತು ಸಹಜವಾಗಿಯೇ ಇತ್ತು. ಆದರೆ ಕಾಲು ಶತಮಾನ ಕಳೆಯುವುದರೊಳಗೆ, ಪ್ರತಿಯೊಂದು ಧಾತುವೂ ಕಾದು ಬೆಳಗಿದಾಗ ತನ್ನದೇ ಆದ ಬಣ್ಣದ ಗೆರೆಗಳನ್ನು ಬೆಳಕಿನಲ್ಲಿ ಬರೆಯುತ್ತದೆ ಎಂಬುದು ಗೊತ್ತಾಯಿತು.

೧೮೬೮ರ ಆಗಸ್ಟ್ ೧೮ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ನಾಡಿನ ಮೇಲೆ ಹಾಯಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೈನ್ಯಾಧಿಕಾರಿಯು ರೋಹಿತದರ್ಶಕವನ್ನು ಸೂರ್ಯನ ಅಂಚಿನ ಜ್ವಾಲೆಗಳತ್ತ ತಿರುಗಿಸಿ, ಹೊಳೆಯುವ ಗೆರೆಗಳನ್ನು ಕಂಡನು. ಆ ಜ್ವಾಲೆಗಳು ಉರಿಯುವ ಅನಿಲವೆಂದು ತಿಳಿಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಸಹ ಅದನ್ನೇ ಕಂಡನು. ಆ ವರ್ಷ ಕಂಡ ಒಂದು ಹಳದಿ ಗೆರೆ ಭೂಮಿಯ ಮೇಲೆ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಆ ಹೊಸ ಧಾತುವಿಗೆ ಸೂರ್ಯನ ಹೆಸರಿನಿಂದಲೇ ಹೀಲಿಯಂ ಎಂದು ಕರೆದರು. ಭೂಮಿಯ ಮೇಲೆ ಅದು ಸಿಕ್ಕಿದ್ದು ೧೮೯೫ರಲ್ಲಿ, ಯುರೇನಿಯಂ ಇರುವ ಖನಿಜವೊಂದರಲ್ಲಿ! ಸೂರ್ಯನಲ್ಲಿ ಏನಿದೆ ಎಂದು ಎಂದೆಂದಿಗೂ ತಿಳಿಯದು ಎಂದ ಮಾತಿಗೆ, ಭೂಮಿಗಿಂತ ಮೊದಲು ಸೂರ್ಯನಲ್ಲಿಯೇ ಒಂದು ಧಾತು ಸಿಕ್ಕಿದ್ದು ಉತ್ತರವಾಯಿತು.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ವಿಶ್ವವು ವಿಚಿತ್ರವಾಗಿದೆ ಎಂದ ಮಾತ್ರಕ್ಕೆ ವಿಚಿತ್ರವಾದದ್ದೆಲ್ಲ ನಿಜವಾಗುವುದಿಲ್ಲ. ‘ಬುದ್ಧಿಗೆ ಎಟುಕದ್ದು ಎಷ್ಟೋ ಇದೆ, ಆದುದರಿಂದ ನಾನು ಹೇಳುವ ಪವಾಡವನ್ನು ನಂಬು’ ಎನ್ನುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಸಹಜಬುದ್ಧಿಯ ಕೈಬಿಟ್ಟು ಮುಂದೆ ಹೋಗುವವನಿಗೆ ಅಳತೆಯ ಹಂಗು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಇದಕ್ಕೂ ಕೋಲಾರದ ಗಣಿಯೇ ನಿದರ್ಶನ. ಪ್ರೋಟಾನ್ ಎಂಬ ಕಣವೂ ಎಂದಾದರೊಮ್ಮೆ ಒಡೆಯಬಹುದೆಂಬ ಹೊಸ ಸಿದ್ಧಾಂತವನ್ನು ಪರೀಕ್ಷಿಸಲು ೧೯೮೦ರಲ್ಲಿ ಅಲ್ಲಿ ಮತ್ತೊಂದು ಪ್ರಯೋಗ ತೊಡಗಿತು. ಹಾಗೆ ಒಡೆದಿರಬಹುದಾದ ಕೆಲವು ಗುರುತುಗಳು ಕಂಡವೆಂದು ತಂಡವು ಪ್ರಕಟಿಸಿತು. ಆದರೆ ಅಮೆರಿಕ ಮತ್ತು ಜಪಾನುಗಳಲ್ಲಿ ನಿರ್ಮಿಸಿದ ಹೆಚ್ಚು ದೊಡ್ಡ ಉಪಕರಣಗಳಲ್ಲಿ ಅಂಥ ಗುರುತು ಸಿಗಲಿಲ್ಲ. ಸಿದ್ಧಾಂತ ಸುಂದರವಾಗಿತ್ತು, ಹುಡುಕಿದವರು ಗಣ್ಯರು. ಆದರೂ ಪ್ರೋಟಾನ್ ಒಡೆಯುವುದು ಸಿದ್ಧವಾಯಿತೆಂದು ವಿಜ್ಞಾನ ಒಪ್ಪಲಿಲ್ಲ. ಒಬ್ಬರ ಅಳತೆಯನ್ನು ಇನ್ನೊಬ್ಬರು ಅಳೆದು ನೋಡುವ ಈ ಶಿಸ್ತೇ ಸಹಜಬುದ್ಧಿಯ ಎಲ್ಲೆಯಾಚೆಗೆ ನಮ್ಮನ್ನು ಕಾಯುವ ಬೇಲಿ.

ಕೊನೆಯದಾಗಿ, ಓದುವ ಮಕ್ಕಳಿಗೇ ಸಂಬಂಧಿಸಿದ ಮಾತೊಂದಿದೆ. ವಿಜ್ಞಾನದ ಪಾಠದಲ್ಲಿ ‘ಹೀಗೆ ಇರಲು ಹೇಗೆ ಸಾಧ್ಯ?’ ಎಂದು ಮನಸ್ಸು ಹಟ ಹಿಡಿಯುವ ಘಳಿಗೆ ಬರುತ್ತದೆ. ಆಗ ಎಷ್ಟೋ ಮಕ್ಕಳು ತಮ್ಮ ತಲೆಯೇ ಮಂದವೆಂದು ತಿಳಿದು, ಇದು ನಮ್ಮಂಥವರಿಗಲ್ಲವೆಂದು ಪುಸ್ತಕ ಮುಚ್ಚುತ್ತಾರೆ. ಹಳ್ಳಿಯ ಶಾಲೆಗಳಲ್ಲಿ ಈ ನಷ್ಟ ಇನ್ನೂ ಹೆಚ್ಚು. ಆ ಹಟ ಮಂದಬುದ್ಧಿಯ ಲಕ್ಷಣವಲ್ಲ. ಹೊಲ ಮನೆಗಳ ಅಳತೆಯಲ್ಲಿ ಬೆಳೆದ ಮನಸ್ಸು ತನ್ನ ಬೇಲಿಯನ್ನು ಮುಟ್ಟಿದೆ ಎಂಬುದರ ಸೂಚನೆ ಅದು. ಭಾಸ್ಕರನಿಗೂ ನೆಲ ಚಪ್ಪಟೆಯಾಗಿಯೇ ಕಂಡಿತು. ಐನ್‌ಸ್ಟೈನನ ಕೈಗಡಿಯಾರವೂ ನಮ್ಮೆಲ್ಲರದರಂತೆಯೇ ನಡೆಯಿತು. ಅವರು ಕಂಡದ್ದನ್ನು ಅಲ್ಲಗಳೆಯಲಿಲ್ಲ. ಕಂಡದ್ದರಲ್ಲಿಯೇ ನಿಲ್ಲಲೂ ಇಲ್ಲ. ಅಳೆದರು, ಲೆಕ್ಕ ಹಾಕಿದರು, ಲೆಕ್ಕ ಕೊಟ್ಟ ಉತ್ತರ ಮನಸ್ಸಿಗೆ ಒಗ್ಗದಿದ್ದಾಗ ಮತ್ತೊಮ್ಮೆ ಅಳೆದರು. ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರಿಗೂ ದಾರಿ ಅದೇ. ಅರ್ಥವಾಗದ ಪುಟವನ್ನು ಮುಚ್ಚದೆ, ಸೀಸದ ಕಡ್ಡಿಯನ್ನು ಕೈಗೆ ತೆಗೆದುಕೊಂಡು ಅದರ ಲೆಕ್ಕವನ್ನು ಇನ್ನೊಂದು ಸಲ ಮಾಡಿ ನೋಡಬೇಕು.